ಕೊಯ್ಲು ಮುಗಿದ ಮೇಲೆ ಉಳಿ ಹಿಡಿದೆ: ಸೊರಬದ ಭತ್ತದ ರೈತನೊಬ್ಬನ ಅನುಭವ

ನಮ್ಮದು ಸೊರಬ ತಾಲ್ಲೂಕಿನ ಒಂದು ಹಳ್ಳಿ. ಮಳೆ ನಂಬಿದ ಭತ್ತದ ಗದ್ದೆ, ಕೆರೆಯ ಕೆಳಗೆ ಒಂದಿಷ್ಟು ಅಡಿಕೆ, ಮನೆ ಹಿಂದೆ ಬ್ಯಾಣ, ಅಂದರೆ ದನ ಮೇಯುವ ಹುಲ್ಲುಗಾವಲು. ನಾವು ದೀವರು, ಈ ಕಡೆಯ ಒಕ್ಕಲು ಸಮುದಾಯ. ಮನೆತನದಲ್ಲಿ ನೇಗಿಲು ಹಿಡಿದವರಿದ್ದಾರೆ, ಡೊಳ್ಳು ಬಾರಿಸಿದವರಿದ್ದಾರೆ, ಉಳಿ ಹಿಡಿದವರು ಮಾತ್ರ ಯಾರೂ ಇಲ್ಲ. ನಮ್ಮ ಕಡೆ ಮರದ ಕೆತ್ತನೆ ಅಂದರೆ ಗುಡಿಗಾರರ ಕೆಲಸ. ಸಾಗರ, ಸೊರಬ, ಶಿರಸಿ, ಸಿದ್ದಾಪುರ, ಘಟ್ಟದ ಕೆಳಗೆ ಕುಮಟಾ, ಹೊನ್ನಾವರ, ಇಲ್ಲೆಲ್ಲ ತಲೆಮಾರುಗಳಿಂದ ಅವರ ಮನೆಗಳಿವೆ. ಗಂಧದ ಮೂರ್ತಿ, ದೇವರ ಮಂಟಪ, ಮದುವೆಗೆ ಬೆಂಡಿನ ಬಾಸಿಂಗ, ಚೌತಿಗೆ ಮಣ್ಣಿನ ಗಣಪತಿ, ಯಕ್ಷಗಾನದ ಕಿರೀಟ, ಎಲ್ಲ ಅವರ ಕೈಯಿಂದಲೇ ಬರಬೇಕು. ಗದ್ದೆ ಮಾಡುವವನು ಅದರೊಳಗೆ ಹೇಗೆ ಹೊಕ್ಕೆ ಅಂತ ಕೇಳುವವರು ಬಹಳ. ಕಲಿಯಬೇಕು ಅಂತ ಆಸೆ ಇಟ್ಟುಕೊಂಡು ಮನೆಗೆ ಬರುವ ಹುಡುಗರೂ ಇದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹೊಕ್ಕಿದ್ದು ಕಲೆಯ ಹುಚ್ಚಿನಿಂದ ಅಲ್ಲ. ಡಿಸೆಂಬರಿನಲ್ಲಿ ಕೊಯ್ಲು, ಒಕ್ಕಲು ಮುಗಿದರೆ ಮುಂದಿನ ರೋಹಿಣಿ ಮಳೆಯವರೆಗೆ ಗದ್ದೆಯಲ್ಲಿ ಕೆಲಸವಿಲ್ಲ. ಊರಿನ ಗಂಡಸರು ಅಡಿಕೆ ಕೊನೆ ಕೊಯ್ಲಿನ ಕೂಲಿಗೋ ಕಟ್ಟಡದ ಕೆಲಸಕ್ಕೋ ಹೋಗುತ್ತಾರೆ. ನಾನೂ ಹೋಗುತ್ತಿದ್ದೆ. ಒಂದು ವರ್ಷ ನಮ್ಮ ಬೇಲಿಯ ಶಿವನೆ ಮರ ಗಾಳಿಗೆ ಉರುಳಿತು. ಪರವಾನಗಿ ಮಾಡಿಸಿ, ತುಂಡು ಮಾಡಿ, ಸೊರಬದ ಗುಡಿಗಾರರೊಬ್ಬರ ಮನೆಗೆ ಮಾರಲು ಒಯ್ದೆ. ಅವರು ತುಂಡುಗಳ ಬುಡ, ತುದಿ ನೋಡಿ, ಯಾವುದು ಕೆತ್ತನೆಗೆ, ಯಾವುದು ಒಲೆಗೆ ಅಂತ ವಿಂಗಡಿಸತೊಡಗಿದರು. ನನಗೂ ಮರ ಗೊತ್ತು, ಹಾಗಾಗಿ ಒಂದೆರಡು ತುಂಡಿನ ವಿಷಯದಲ್ಲಿ ವಾದಕ್ಕೆ ನಿಂತೆ. ಅವರಿಗೆ ಅದು ಹಿಡಿಸಿತೋ ಏನೋ, "ಮರ ಗೊತ್ತಿರೋ ಆಳು ಸಿಗೋದಿಲ್ಲ ಮಾರಾಯ, ಬೇಸಿಗೆಲಿ ಬಾ" ಅಂದರು. ಕೊರಡು ಸೀಳುವ, ದಿಮ್ಮಿ ಹೊರುವ ಆಳಾಗಿಯೇ ಹೋದೆ. ಕಲಿಸುತ್ತೇನೆ ಅಂತ ಅವರು ಹೇಳಲಿಲ್ಲ, ಕಲಿಯುತ್ತೇನೆ ಅಂತ ನಾನೂ ಕೇಳಲಿಲ್ಲ. ಹೊರಗಿನ ಜಾತಿಯವನಿಗೆ ಕಸುಬು ಬಿಟ್ಟುಕೊಡುವ ಬಗ್ಗೆ ಅವರ ಮನೆಯಲ್ಲೇ ಒಂದಷ್ಟು ಗುಸುಗುಸು ಇತ್ತು. ಗುಡಿಗಾರರ ಮಕ್ಕಳೇ ಬೆಂಗಳೂರಿನ ಕೆಲಸಕ್ಕೆ ಹೋಗುತ್ತಿದ್ದ ಕಾಲ. ಆ ಗುಸುಗುಸು ತಾನಾಗಿ ನಿಂತಿತು.

ಶುರುವಿನಲ್ಲಿ ನನ್ನ ಕೈಗೆ ಬಂದದ್ದು ಸಾಣೆಕಲ್ಲು. ಉಳಿ ಮಸೆಯುವುದನ್ನು ಬಿಟ್ಟು ಬೇರೆ ಏನನ್ನೂ ಮುಟ್ಟಲು ಬಿಡುತ್ತಿರಲಿಲ್ಲ. ಆಗ ಬೇಸರ ಬರುತ್ತಿತ್ತು, ಈಗ ನನ್ನ ಹತ್ತಿರ ಬರುವವರಿಗೂ ನಾನು ಅದನ್ನೇ ಕೊಡುತ್ತೇನೆ. ಕೆತ್ತನೆ ಕೆಟ್ಟಿದೆ ಅಂತ ತಂದು ತೋರಿಸುವ ಹತ್ತರಲ್ಲಿ ಎಂಟು ತುಂಡಿಗೆ ರೋಗ ಇರುವುದು ಉಳಿಯ ಬಾಯಲ್ಲಿ. ಹರಿತವಿಲ್ಲದ ಉಳಿ ನಾರನ್ನು ಕತ್ತರಿಸುವುದಿಲ್ಲ, ಹಿಸಿಯುತ್ತದೆ. ಹಿಸಿದ ಜಾಗ ಮಂಕಾಗಿ, ನವಿರಾದ ಕೂದಲು ಎದ್ದ ಹಾಗೆ ಕಾಣುತ್ತದೆ. ಅದನ್ನು ಪಾಲಿಶ್ ಪೇಪರಿನಲ್ಲಿ ಉಜ್ಜಿ ಮುಚ್ಚಲು ಹೊರಟರೆ ಕೆತ್ತನೆಯ ಮೂಲೆಗಳೆಲ್ಲ ಮೊಂಡಾಗಿ, ಸೋಪಿನ ಗೊಂಬೆಯಂತಾಗುತ್ತದೆ. ಒಳ್ಳೆಯ ಉಳಿ ಹೋದ ದಾರಿ ತಾನಾಗಿಯೇ ಮಿಂಚುತ್ತದೆ, ಅದಕ್ಕೆ ಪೇಪರೇ ಬೇಡ. ಪರೀಕ್ಷೆ ಸುಲಭ: ಮೆತ್ತನೆಯ ಮರದ ತುಂಡಿನ ಮೇಲೆ ನಾರಿಗೆ ಅಡ್ಡವಾಗಿ ಒಂದು ಗೆರೆ ಎಳೆಯಿರಿ. ಗೆರೆಯ ಎರಡೂ ಅಂಚು ಶುಚಿಯಾಗಿದ್ದು ತಳ ಹೊಳೆದರೆ ಉಳಿ ತಯಾರು. ಅಂಚು ಕಿತ್ತು ಬಂದರೆ ಮತ್ತೆ ಕಲ್ಲಿಗೆ.

ಬಾಯಿಯ ಇಳಿಜಾರಿನ ಲೆಕ್ಕವೂ ಇದೆ. ಶಿವನೆಯಂಥ ಮೆತ್ತಗಿನ ಮರಕ್ಕೆ 20 ಡಿಗ್ರಿಯ ಆಸುಪಾಸಿನಲ್ಲಿ ತೆಳ್ಳಗೆ ಮಸೆಯಬಹುದು. ಹಲಸು, ತೇಗಕ್ಕೆ 25ರ ಮೇಲೆ ಇರಲಿ, ಬೀಟೆಗೆ ಇನ್ನೂ ದಪ್ಪ. ತೆಳ್ಳಗಿನ ಬಾಯನ್ನು ಗಟ್ಟಿ ಮರಕ್ಕೆ ಕೊಟ್ಟರೆ ಚಕ್ಕೆ ಏಳುವುದು ಮರದ್ದಲ್ಲ, ಉಳಿಯದ್ದೇ. ಕಲ್ಲಿನ ಮೇಲೆ ಮಸೆದಾದ ಮೇಲೆ ಹಲಗೆಗೆ ಅಂಟಿಸಿದ ಚರ್ಮದ ಪಟ್ಟಿಯ ಮೇಲೆ ಹಿಮ್ಮುಖವಾಗಿ ಎಳೆದು, ಅಂಚಿಗೆ ಉಳಿದ ಸಣ್ಣ ಲೋಹದ ಎಳೆಯನ್ನು ತೆಗೆಯಬೇಕು. ಕೆಲಸದ ನಡುವೆ ಆಗಾಗ ಈ ಪಟ್ಟಿಗೆ ಎಳೆಯುತ್ತಿದ್ದರೆ ಕಲ್ಲಿಗೆ ಹೋಗುವುದು ಅಪರೂಪ.

ಉಳಿಗಳನ್ನು ನಾನು ಕೊಂಡದ್ದು ಕಡಿಮೆ. ದೊಡ್ಡವು ಊರಿನ ಆಚಾರರು ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ಕಾಯಿಸಿ ಬಡಿದು ಕೊಟ್ಟದ್ದು, ಸಣ್ಣವು ಕೊಡೆಯ ಕಡ್ಡಿ, ಮುರಿದ ಗರಗಸದ ಬ್ಲೇಡಿನಿಂದ ನಾನೇ ಮಸೆದುಕೊಂಡದ್ದು. ಕೊಡೆಯ ಕಡ್ಡಿಗೆ ಹುಟ್ಟಿನಿಂದಲೇ ಒಂದು ಕಾಲುವೆ ಇರುತ್ತದೆ. ತುದಿ ಮಸೆದರೆ ಮುತ್ತಿನ ಸಾಲು ತೆಗೆಯುವ ಅತಿ ಸಣ್ಣ ದುಂಡು ಉಳಿ ತಯಾರು. ಅಂಗಡಿಯಲ್ಲಿ ಇದು ಸಿಗುವುದಿಲ್ಲ. ಕೈಯಲ್ಲಿ ಮೂವತ್ತು ನಲವತ್ತು ಬಗೆಯ ಉಳಿ ಇದ್ದರೂ ದಿನದ ಕೆಲಸಕ್ಕೆ ಬೇಕಾಗುವುದು ಎಂಟೋ ಹತ್ತೋ. ಚಪ್ಪಟೆ ಬಾಯಿ, ಓರೆ ಬಾಯಿ, ಅರ್ಧಚಂದ್ರದ ಬಾಯಿಯಲ್ಲಿ ಮೂರ್ನಾಲ್ಕು ಅಳತೆ, ಗೆರೆ ತೆಗೆಯಲು ಮೂಲೆ ಬಾಯಿಯದೊಂದು. ಜೊತೆಗೆ ಮರ ಸವರಲು ಒಂದು ಬಾಚಿ, ಉಳಿಗೆ ಬಡಿಯಲು ಹುಣಸೆ ಮರದ ಕೊಡತಿ. ಶುರುವಿಗೇ ಪೆಟ್ಟಿಗೆ ತುಂಬ ಸಲಕರಣೆ ಕೊಳ್ಳುವವರನ್ನು ನೋಡಿದರೆ ನನಗೆ ಪಾಪ ಅನಿಸುತ್ತದೆ.

ಮರದ ವಿಷಯಕ್ಕೆ ಬಂದರೆ ರೈತನಿಗೆ ಪೇಟೆಯವನಿಗಿಂತ ಹತ್ತು ಹೆಜ್ಜೆ ಮುಂದಿನ ಜಾಗ. ಶಿವನೆ ನಮ್ಮ ಬ್ಯಾಣ, ಬೇಲಿಗಳಲ್ಲಿ ತಾನಾಗಿ ಬೆಳೆಯುವ ಮರ. ಬೇರು ದಶಮೂಲಕ್ಕೆ ಹೋಗುತ್ತದೆ, ಹಣ್ಣು ದನಕ್ಕೆ. ಮರ ಹಗುರ, ತಿಳಿ ಹಳದಿ, ಒಣಗುವಾಗ ಸೊಟ್ಟಗಾಗುವುದು ಬಹಳ ಕಡಿಮೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಹಲಸಿನದು ಇನ್ನೊಂದು ಗುಣ. ಎಳೆ ಮರ ಬೇಡ. ಹಳೇ ಮರದ ಚೇಗು, ಅಂದರೆ ಒಳಗಿನ ಗಟ್ಟಿ ಭಾಗ ಬೇಕು, ಹೊರಗಿನ ಬಿಳಿ ಭಾಗ ಕುಟ್ಟೆ ಹುಳಕ್ಕೆ ಊಟ. ಕೆತ್ತಿದ ದಿನ ಅರಿಸಿನದ ಬಣ್ಣ ಇದ್ದದ್ದು ವರ್ಷ ಕಳೆದಂತೆ ಕಂದಾಗುತ್ತ ಹೋಗುತ್ತದೆ. ಕರಾವಳಿಯ ಭೂತದ ಮೂರ್ತಿಗಳು, ಮೈಸೂರಿನ ವೀಣೆಯ ಕೊಡ, ಎಲ್ಲ ಹಲಸಿನದೇ. ತೇರಿನ ಕೆಲಸದವರು ಹೆಬ್ಬಲಸು, ಬೋಗಿ ಕೇಳುತ್ತಾರೆ. ಅದು ನನ್ನ ಅಂಗಳಕ್ಕೆ ಮೀರಿದ ಕೆಲಸ.

ಗಂಧ ಕೆತ್ತುತ್ತೀರಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. 2001ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಸ್ವಂತ ಜಮೀನಿನ ಗಂಧದ ಮರಕ್ಕೆ ರೈತನೇ ಒಡೆಯ, ನಿಜ. ಆದರೆ ಕಡಿಯಲು, ಸಾಗಿಸಲು, ಮಾರಲು ಒಂದೊಂದಕ್ಕೂ ಕಾಗದ ಬೇಕು. ನಾಲ್ಕು ಗಂಧದ ಮರ ಬೆಳೆದವನ ಮನೆಯಲ್ಲಿ ರಾತ್ರಿ ನಿದ್ದೆ ಇರುವುದಿಲ್ಲ. ನನ್ನ ಗುರುಗಳು, ಅಂದರೆ ಆ ಸೊರಬದ ಗುಡಿಗಾರರು, ಗಂಧದಲ್ಲಿ ಮಾಡಿದ ಅಂಗೈಯಗಲದ ದಶಾವತಾರದ ಪಟ್ಟಿ ನೋಡಿದ್ದೇನೆ, ಕಣ್ಣಿಗೆ ಒತ್ತಿಕೊಳ್ಳಬೇಕು. ಅಷ್ಟು ನಾಜೂಕು ಆ ಮರದ ಒತ್ತಾದ ನಾರಿನಲ್ಲಿ ಮಾತ್ರ ಸಾಧ್ಯ. ಆದರೆ ನನ್ನ ಕೈಗೆ, ನನ್ನ ಕಿಸೆಗೆ ಹಲಸು, ಶಿವನೆಯೇ ಸರಿ. ಬೇರೆ ಮರಕ್ಕೂ ಕಾಗದ ಬೇಡ ಅಂತಲ್ಲ. 1976ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಮೀನಿನಲ್ಲೂ ಕಡಿಯುವ ಮುಂಚೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಬೇಕು. ತೋಟಕ್ಕೆ ಸೊಪ್ಪು ತರಲು ಬಿಟ್ಟ ಸೊಪ್ಪಿನಬೆಟ್ಟದ ಮರಕ್ಕಂತೂ ಕೈ ಹಾಕಲೇಬಾರದು. ಅಲ್ಲಿ ನಮಗಿರುವುದು ಸೊಪ್ಪು, ದರಕು (ಉದುರಿದ ಒಣ ಎಲೆ), ಒಣ ಸೌದೆಯ ಹಕ್ಕು, ನಾಟಾದ, ಅಂದರೆ ಮರಮುಟ್ಟಿನ ಹಕ್ಕಲ್ಲ.

ಒಣಗಿಸುವುದು ಬಹಳ ಜನ ಕಡೆಗಣಿಸುವ ಕೆಲಸ. ಕಡಿದ ದಿಮ್ಮಿಯ ಎರಡು ತುದಿಗಳಿಂದ ನೀರು ಬೇಗ ಹೋಗುತ್ತದೆ, ಹೊಟ್ಟೆಯಿಂದ ನಿಧಾನ. ಹಾಗಾಗಿ ತುದಿ ಮೊದಲು ಕುಗ್ಗಿ ಸೀಳುತ್ತದೆ. ತುದಿಗಳಿಗೆ ಗಟ್ಟಿಯಾಗಿ ಸಗಣಿ ಬಳಿಯುತ್ತೇನೆ, ಬೆಲೆಬಾಳುವ ತುಂಡಾದರೆ ಮೇಣ. ಇನ್ನೊಂದು ಮಾತು ನೆನಪಿರಲಿ. ಮರ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ವರ್ಷದ ಉಂಗುರದ ಗುಂಟ ಕುಗ್ಗುವುದು, ನಡುವಿನಿಂದ ಹೊರಕ್ಕೆ ಕುಗ್ಗುವುದರ ಹೆಚ್ಚುಕಡಿಮೆ ಎರಡರಷ್ಟು. ನಡುವಿನ ತಿರುಳು ಒಳಗೇ ಉಳಿದ ಇಡೀ ದಿಮ್ಮಿಯಲ್ಲಿ ಮೂರ್ತಿ ಮಾಡಿದರೆ ಅದು ಸೀಳಿಯೇ ಸೀಳುತ್ತದೆ, ಇವತ್ತಲ್ಲದಿದ್ದರೆ ಬರುವ ಬೇಸಿಗೆಗೆ. ದಿಮ್ಮಿಯನ್ನು ನಡು ಸೀಳಿ, ತಿರುಳು ತೆಗೆದು, ಉಳಿದ ಭಾಗದಲ್ಲಿ ಕೆತ್ತಬೇಕು. ದೊಡ್ಡ ಮೂರ್ತಿಯಾದರೆ ಬೆನ್ನಿನ ಕಡೆಯಿಂದ ಒಳಗೆ ತೋಡಿ ಟೊಳ್ಳು ಮಾಡುತ್ತೇವೆ. ಮುಂದೆ ನಿಂತು ನೋಡುವವರಿಗೆ ಗೊತ್ತಾಗುವುದಿಲ್ಲ, ಒಳಗಿನ ಬಿಗು ಮಾತ್ರ ಸಡಿಲುತ್ತದೆ. ಅಟ್ಟದ ಮೇಲೆ, ಒಲೆಯ ಹೊಗೆ ತಾಗುವ ಜಾಗದಲ್ಲಿ ನಮ್ಮ ಹಿರಿಯರು ನೇಗಿಲಿನ ಕೊರಡು ಇಡುತ್ತಿದ್ದರಲ್ಲ, ನನ್ನ ತುಂಡುಗಳೂ ಅಲ್ಲೇ. ಅಮಾವಾಸ್ಯೆ ಕಡೆಗೆ ಕಡಿದ ಮರಕ್ಕೆ ಹುಳ ಬೀಳುವುದಿಲ್ಲ ಅಂತ ನಮ್ಮಲ್ಲಿ ನಂಬಿಕೆ. ನಾನೂ ಪಾಲಿಸುತ್ತೇನೆ, ಆದರೆ ಹುಳದಿಂದ ನಿಜವಾಗಿ ಕಾಪಾಡುವುದು ಬಿಳಿ ಭಾಗ ಕೆತ್ತಿ ಬಿಸಾಡುವುದು ಮತ್ತು ಹೊಗೆ ಅಂತ ನನ್ನ ಅಂದಾಜು.

ಇನ್ನು ಗೆರೆ. ನಮ್ಮ ದೀವರ ಮನೆಗಳಲ್ಲಿ ಹೆಂಗಸರು ಹಸೆಗೋಡೆಗೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಅಬ್ಬೆ ಭೂಮಿ ಹುಣ್ಣಿಮೆಯ ಪೂಜೆಗೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಬರೆಯುವಾಗ ಪಕ್ಕದಲ್ಲಿ ಕೂತು ಬೆಳೆದವನು ನಾನು. ಅಡಿಕೋಲಿಲ್ಲದೆ ಎಳೆದ ಗೆರೆ, ನಡುವಿನ ಸಂದು ಎಲ್ಲೂ ಹೆಚ್ಚುಕಮ್ಮಿಯಿಲ್ಲ. ಹಲಗೆಯ ಮೇಲೆ ಸಮನಾದ ಸಾಲು ತೆಗೆಯುವುದಕ್ಕೆ ಆ ಕಣ್ಣು ನನಗೆ ಉಪಯೋಗಕ್ಕೆ ಬಂತು. ಆದರೆ ಚಿತ್ತಾರದ್ದೆಲ್ಲ ನೇರ ಗೆರೆ, ಕೆತ್ತನೆಯದ್ದು ಬಳ್ಳಿ. ಬಳ್ಳಿ ಎಲ್ಲಿ ತಿರುಗಬೇಕು, ತಿರುಗುವಾಗ ಎಲ್ಲಿ ದಪ್ಪ ಎಲ್ಲಿ ಸಣ್ಣ, ಎಲೆ ಕಾಂಡದಿಂದ ಯಾವ ಕಡೆಗೆ ಒಡೆಯಬೇಕು? ಇದಕ್ಕೆ ಗುರುಗಳು ಪುಸ್ತಕ ಕೊಡಲಿಲ್ಲ, ಕೆಳದಿಗೆ ಕಳಿಸಿದರು. ಅಲ್ಲಿನ ದೇವಸ್ಥಾನದಲ್ಲಿ ನಾಯಕರ ಕಾಲದ ಕಲ್ಲು, ಮರದ ಕೆತ್ತನೆ ಎರಡೂ ಇವೆ. ಕಾಗದ, ಪೆನ್ಸಿಲ್ ಹಿಡಿದು ಹೋಗಿ ಒಂದೊಂದೇ ಬಳ್ಳಿ ಬರೆದುಕೊಂಡು ಬಂದೆ. ಮನೆಗೆ ಬಂದು ನೋಡಿದರೆ ನಮ್ಮ ಬೇಲಿಯ ಕಾಡು ಬಳ್ಳಿಯೂ ಅದೇ ಲೆಕ್ಕದಲ್ಲಿ ತಿರುಗುತ್ತದೆ.

ಮೂರ್ತಿಗೆ ಬೇಕಾದದ್ದು ತಾಳಮಾನ, ಅಂದರೆ ಮೈಯ ಅಳತೆಯ ಲೆಕ್ಕ. ಕೇಳಿದರೆ ಶಾಸ್ತ್ರ, ಕೈಗೆ ಬಂದರೆ ಬರೀ ಕಾಗದ ಮಡಿಸುವ ಕೆಲಸ. ಮುಖದ ಉದ್ದ ಒಂದು ತಾಳ, ತಾಳಕ್ಕೆ 12 ಅಂಗುಲ. ಇದು ಟೇಪಿನ ಇಂಚಲ್ಲ, ಆಯಾ ಮೂರ್ತಿಯದ್ದೇ ಅಂಗುಲ. ನವತಾಳದ ಮೂರ್ತಿ ಅಂದರೆ ಒಂಬತ್ತು ಮುಖದುದ್ದ, 108 ಅಂಗುಲ. ಗುರುಗಳು ಹೇಳಿಕೊಟ್ಟ ಉಪಾಯ ಹೀಗಿದೆ. ಮೂರ್ತಿ ಎಷ್ಟೆತ್ತರವೋ ಅಷ್ಟುದ್ದದ ಕಾಗದದ ಪಟ್ಟಿ ತಗೊಳ್ಳಿ. ಮೂರು ಭಾಗವಾಗಿ ಮಡಿಸಿ, ಅದನ್ನು ಮತ್ತೆ ಮೂರು, ಮತ್ತೂ ಮೂರು. ಬಿಚ್ಚಿದರೆ 27 ಮನೆ, ಮನೆಗೆ ನಾಲ್ಕು ಅಂಗುಲ. ಮೇಲಿಂದ ಎಣಿಸಿ: ಮುಖಕ್ಕೆ ಮೂರು ಮನೆ, ಕುತ್ತಿಗೆಗೆ ಒಂದು, ಎದೆಗೆ ಮೂರು, ಅಲ್ಲಿಂದ ಹೊಕ್ಕುಳವರೆಗೆ ಮೂರು, ಹೊಕ್ಕುಳಿಂದ ತೊಡೆಸಂದಿಗೆ ಮೂರು, ತೊಡೆಗೆ ಆರು, ಮಂಡಿಗೆ ಒಂದು, ಕಣಕಾಲಿಗೆ ಆರು, ಪಾದಕ್ಕೆ ಒಂದು. ಇಪ್ಪತ್ತೇಳೂ ಮುಗಿಯಿತು. ಮುಖದ ಮೂರು ಮನೆಯಲ್ಲಿ ಹಣೆಗೊಂದು, ಮೂಗಿಗೊಂದು, ಮೂಗಿನ ತುದಿಯಿಂದ ಗದ್ದಕ್ಕೊಂದು. 18 ಇಂಚಿನ ದೇವಿಗೆ ಮುಖ ಸರಿಯಾಗಿ ಎರಡು ಇಂಚು ಬರುತ್ತದೆ, ಲೆಕ್ಕವೇ ಬೇಡ. ಕಿರೀಟ ಇದರ ಹೊರಗಿನದು, ಅದಕ್ಕೆ ಮರದಲ್ಲಿ ಮೊದಲೇ ಜಾಗ ಬಿಟ್ಟುಕೊಳ್ಳಬೇಕು. ಗಣಪತಿಗೆ ಈ ಪಟ್ಟಿ ನಡೆಯದು, ಅವನದು ಪಂಚತಾಳ, 60 ಅಂಗುಲ. ಪಟ್ಟಿಯನ್ನು ಐದು ಮಾಡಿ, ಒಂದೊಂದನ್ನು ಮೂರು ಮಾಡಬೇಕು. ಅದಕ್ಕೇ ಅವನು ಕುಳ್ಳ, ಅದಕ್ಕೇ ಮಕ್ಕಳಿಗೆ ಇಷ್ಟ.

ಮುಖ ಎಲ್ಲಕ್ಕಿಂತ ಕೊನೆಗೆ. ಕೈ ಕಾಲು ತಪ್ಪಿದರೆ ಒಂದು ಬಳೆಯನ್ನೋ ಸೆರಗನ್ನೋ ಇಳಿಬಿಟ್ಟು ಮುಚ್ಚಬಹುದು, ಕಣ್ಣು ತಪ್ಪಿದರೆ ಮುಚ್ಚಲು ಬರುವುದಿಲ್ಲ. ಹೊಸಬರು ಮೊದಲು ಮುಖಕ್ಕೆ ಕೈ ಹಾಕುತ್ತಾರೆ. ಮೈಯೆಲ್ಲ ಬಾಚಿಯಲ್ಲಿ ಸವರುವಾಗ ಮೂಗು ಹಾರಿ ಹೋಗುತ್ತದೆ. ಮೂಗಿನ ಜಾಗದಲ್ಲಿ ಮರವನ್ನು ಬೇಕಾದ್ದಕ್ಕಿಂತ ದಪ್ಪಗೆ ಉಳಿಸಿಕೊಂಡೇ ಬರಬೇಕು. ತೆಗೆದದ್ದನ್ನು ಹಾಕಲು ಇದು ಮಣ್ಣಲ್ಲ.

ನನಗೆ ಮೊದಲು ದುಡ್ಡು ತಂದದ್ದು ಮೂರ್ತಿಯಲ್ಲ, ಯಕ್ಷಗಾನದ ಆಭರಣ. ಬಡಗುತಿಟ್ಟಿನ ವೇಷಕ್ಕೆ ಕಿರೀಟ, ಭುಜಕೀರ್ತಿ, ಎದೆಕಟ್ಟು, ಸೊಂಟದ ವೀರಗಸೆ ಎಲ್ಲ ಹಗುರ ಮರದಲ್ಲಿ ಕೆತ್ತಿ ಮೇಲೆ ಬೇಗಡೆ (ಹೊಳೆಯುವ ತೆಳು ಹಾಳೆ) ಅಂಟಿಸಿದವು, ನಡುನಡುವೆ ಕನ್ನಡಿ ಚೂರು. ಕುಣಿಯುವವನು ರಾತ್ರಿಯೆಲ್ಲ ಹೊರಬೇಕು. ಹಾಗಾಗಿ ಮರ ಕಾಗದದ ಹತ್ತಿರ ಬರುವಷ್ಟು ತೆಳ್ಳಗಾಗಬೇಕು, ಆದರೆ ಹಾರಿ ಸುತ್ತುವ ದಿಗಿಣದ ಪೆಟ್ಟಿಗೆ ಒಡೆಯಬಾರದು. ಇಲ್ಲಿ ಕೆತ್ತನೆಯ ಗೆರೆ ಆಳವಾಗಿ, ದಪ್ಪನಾಗಿ ಇರಬೇಕು. ಬೇಗಡೆ ಕೂತ ಮೇಲೆ ಸಣ್ಣ ಗೆರೆ ಕಾಣುವುದೇ ಇಲ್ಲ. ಗಂಧದ ಕೆಲಸದಲ್ಲಿ ಕೈ ಪಳಗಿದವರು ಇದನ್ನು ಒರಟು ಕೆಲಸ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಐವತ್ತು ಅಡಿ ದೂರದಲ್ಲಿ ಕೂತವನಿಗೆ ಕಾಣುವ ಹಾಗೆ ಕೆತ್ತುವುದೂ ಒಂದು ವಿದ್ಯೆಯೇ. ಊರ ಮಾರಿಯ ಮೂರ್ತಿಗೂ ಇದೇ ಮಾತು. ಶಿರಸಿಯ ಮಾರಿಕಾಂಬೆ ಏಳಡಿ ಎತ್ತರದ ಮರದ ಮೂರ್ತಿ. ಜಾತ್ರೆಯಲ್ಲಿ ಜನಸಾಗರದ ಆ ತುದಿಯಿಂದ ಕೈ ಮುಗಿಯುವವರಿಗೂ ಅವಳ ಕಣ್ಣು ಕಾಣುತ್ತದೆ.

ಮಳೆಗಾಲಕ್ಕೂ ಬೇಸಿಗೆಗೂ ಕೆಲಸ ಹಂಚಿಕೊಳ್ಳುವುದನ್ನು ಗದ್ದೆಯೇ ಕಲಿಸಿತು. ನಾಟಿ ಮುಗಿದು ಆಷಾಢದ ಮಳೆ ಹಿಡಿದರೆ ಹೊರಗೆ ಕಾಲಿಡುವಂತಿಲ್ಲ. ಗಾಳಿಯಲ್ಲಿ ತೇವ ಇರುವ ಆ ದಿನಗಳಲ್ಲಿ ಮರ ಮೆತ್ತಗಾಗಿ ಉಳಿಗೆ ಒಲಿಯುತ್ತದೆ, ಬಾಚಿಯ ಕೆಲಸ, ಒರಟು ರೂಪ ತೆಗೆಯುವ ಕೆಲಸ ಆಗಲೇ. ಆದರೆ ಮಳೆಯಲ್ಲಿ ಜೋಡಿಸಿದ ಸಂದು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಪಾಲಿಶ್ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಅದನ್ನೆಲ್ಲ ಸುಗ್ಗಿ ಮುಗಿದ ಮೇಲೆ, ಒಣ ಮೂಡುಗಾಳಿ ಬೀಸುವ ಜನವರಿಗೆ ಇಟ್ಟುಕೊಳ್ಳುತ್ತೇನೆ. ಆ ಗಾಳಿಗೆ ಸೀಳಬೇಕಾದ್ದು ಸೀಳಿಬಿಡಲಿ, ಆಮೇಲೆ ಸಣ್ಣ ಕೆಲಸ. ಬಣ್ಣ ಬಳಿಯದ ಮೂರ್ತಿಗೆ ಅರಗಿನ ಪಾಲಿಶ್ ಅಥವಾ ಅಗಸೆ ಎಣ್ಣೆ, ಜೇನುಮೇಣ. ಹೊಳಪು ಹೆಚ್ಚಾದ ವಾರ್ನಿಶ್ ನನಗೆ ಸೇರುವುದಿಲ್ಲ, ಮರ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಗಿರಾಕಿ ಹಟ ಹಿಡಿದರೆ ಮಾಡಿಕೊಡುತ್ತೇನೆ, ಮನಸ್ಸಿಲ್ಲದೆ.

ಈಗ ಹೆಚ್ಚು ಬೇಡಿಕೆ ಇರುವುದು ಹೊಸ ಮನೆಗಳ ದಾರಂದಕ್ಕೆ (ಬಾಗಿಲ ಚೌಕಟ್ಟು), ದೇವರ ಕೋಣೆಯ ಬಾಗಿಲಿಗೆ. ಮೇಲಿನ ಪಟ್ಟಿಗೆ ಗಜಲಕ್ಷ್ಮಿ, ತೋಳುಗಳಿಗೆ ಬಳ್ಳಿ, ಬುಡದಲ್ಲಿ ಹಂಸವೋ ಕುಂಭವೋ. ಇದೇ ಜಾಗಕ್ಕೆ ಕಂಪ್ಯೂಟರ್ ಹೇಳಿದಂತೆ ಕೆತ್ತುವ ಸಿಎನ್‌ಸಿ ಯಂತ್ರವೂ ಬಂದಿದೆ. ನನ್ನ ದರದ ಸಣ್ಣ ಪಾಲಿಗೆ, ಹೇಳಿದ ದಿನಕ್ಕೆ ಕೊಡುತ್ತಾರೆ. ಯಂತ್ರ ಕೆಟ್ಟದ್ದು ಅನ್ನುವ ಮಾತು ನನ್ನಿಂದ ಬರುವುದಿಲ್ಲ, ನೂರು ಕಿಟಕಿಗೆ ಒಂದೇ ಹೂವು ಬೇಕಾದವರು ಅಲ್ಲಿಗೇ ಹೋಗಲಿ. ಆದರೆ ಕೈಕೆತ್ತನೆ ಅಂತ ಯಂತ್ರದ ಮಾಲು ಮಾರುವವರಿದ್ದಾರೆ, ಕೊಳ್ಳುವವರು ತಿಳಿದಿರಬೇಕು. ಎಸಳಿನ ಅಡಿಗೆ, ಸೊಂಡಿಲಿನ ಹಿಂದೆ ಬೆರಳು ಹಾಕಿ ನೋಡಿ. ಮೇಲಿನಿಂದ ಇಳಿಯುವ ಸಾಮಾನ್ಯ ಯಂತ್ರದ ಮೊನೆ ಅಡಿಗೆ ಹೊಕ್ಕು ತೋಡಲಾರದು, ಅಲ್ಲಿ ಮರ ತುಂಬಿಕೊಂಡೇ ಇರುತ್ತದೆ. ಕೈಯದ್ದಾದರೆ ಎಸಳು ಬಿಡಿಸಿಕೊಂಡು ನಿಂತಿರುತ್ತದೆ. ಎಡದ ಆನೆ, ಬಲದ ಆನೆ ಕೂದಲೆಳೆ ವ್ಯತ್ಯಾಸವಿಲ್ಲದೆ ಒಂದೇ ಆಗಿದ್ದರೂ ಅನುಮಾನಿಸಿ.

ಬೆಲೆ ಹೇಳುವುದು ನನಗೆ ಇವತ್ತಿಗೂ ಕಷ್ಟದ ಕೆಲಸ. ನನ್ನ ಲೆಕ್ಕ ಒಂದೇ: ಆ ವರ್ಷ ನಮ್ಮೂರಲ್ಲಿ ಅಡಿಕೆ ಕೊಯ್ಯುವ ಕೊನೆಗಾರನಿಗೆ ದಿನಕ್ಕೆ ಎಷ್ಟು ಕೂಲಿಯೋ ಅದಕ್ಕಿಂತ ಕಡಿಮೆಗೆ ಉಳಿ ಹಿಡಿಯುವುದಿಲ್ಲ. ಮರದ ಬೆಲೆ, ಪಾಲಿಶಿನ ಬೆಲೆ ಬೇರೆ. ಮಧ್ಯವರ್ತಿಯೊಬ್ಬರು ವರ್ಷಗಟ್ಟಲೆ ಗಣಪತಿ ಕೊಂಡು ಹೋಗಿ ದುಡ್ಡು ಬಾಕಿ ಉಳಿಸಿದರು. ಈಗ ಅರ್ಧ ಮುಂಗಡ ಇಲ್ಲದೆ ಮರ ಸೀಳುವುದಿಲ್ಲ. ಸರ್ಕಾರದ ಕಡೆಯಿಂದ ಕುಶಲಕರ್ಮಿ ಗುರುತಿನ ಚೀಟಿ ಮಾಡಿಸಿಕೊಳ್ಳಿ, ಮೇಳಗಳಲ್ಲಿ ಮಳಿಗೆ ಸಿಗಲು ಅದು ಬೇಕು. ಸೆಪ್ಟೆಂಬರ್ 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ, ಶಿಲ್ಪಿ, ಗೊಂಬೆ ಮಾಡುವವರು ಸೇರಿದ್ದಾರೆ. ತರಬೇತಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಆಮೇಲೆ ಶೇ. 5ರ ಬಡ್ಡಿಗೆ ಮೊದಲು 1 ಲಕ್ಷ, ನಂತರ 2 ಲಕ್ಷದವರೆಗೆ ಸಾಲ. ಸಾಲ ತೆಗೆಯುವ ಮುಂಚೆ ಕೈಯಲ್ಲಿ ಗಿರಾಕಿ ಇದ್ದಾರಾ ನೋಡಿಕೊಳ್ಳಿ. ಊರು ಬಿಟ್ಟು ಕಲಿಯಬಲ್ಲ ಹುಡುಗರಿಗೆ ಕಾರ್ಕಳದ ಮಿಯಾರಿನಲ್ಲಿ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆ ಇದೆ, ಅಲ್ಲೇ ಉಳಿದು ಕಲ್ಲು, ಮರ, ಲೋಹದ ಶಿಲ್ಪ ಕಲಿಯಬಹುದು. ದನ, ಗದ್ದೆ ಇದ್ದವನಿಗೆ ಆ ದಾರಿ ಇಲ್ಲ, ನನಗೂ ಇರಲಿಲ್ಲ.

ಗದ್ದೆ ಬಿಟ್ಟು ಪೂರಾ ಇದನ್ನೇ ಮಾಡಬಾರದೇ ಅಂತ ಹೆಂಡತಿಯ ಅಣ್ಣ ಪ್ರತಿ ಹಬ್ಬಕ್ಕೂ ಕೇಳುತ್ತಾನೆ. ಗದ್ದೆ ಇರುವುದರಿಂದಲೇ ಕಡಿಮೆ ದರ ಹೇಳಿದವನಿಗೆ "ಆಗೋದಿಲ್ಲ ಮಾರಾಯ್ರೆ" ಅನ್ನಲು ನನಗೆ ಧೈರ್ಯ. ಊಟಕ್ಕೆ ಅಕ್ಕಿ ಮನೆಯಲ್ಲಿದೆ. ಸದ್ಯ ಅಟ್ಟದ ಮೇಲೆ ಹಲಸಿನ ಎರಡು ಸೀಳು ಒಣಗುತ್ತಿವೆ, ಪಕ್ಕದೂರಿನ ದೇವಸ್ಥಾನದ ಪ್ರಭಾವಳಿಗೆ. ಅವರಿಗೆ ಯುಗಾದಿಗೇ ಬೇಕಂತೆ. ಮರ ಇನ್ನೂ ಹಸಿ ಇದೆ, ಮುಂದಿನ ದೀಪಾವಳಿಗೆ ಕೊಡುತ್ತೇನೆ ಅಂತ ಹೇಳಿ ಕಳಿಸಿದ್ದೇನೆ.